ಪಿಕಪ್ ಹಿಂದೆ ಓಲಾಡುತ್ತಿದೆ, ಇನ್ನೊಂದು ಪ್ಲೇಟ್ ಹಾಕಿಸಲೇ?

ಪ್ರಶ್ನೆ: ನನ್ನದು 1.7 ಟನ್ ಹೊರುವ ಪಿಕಪ್. ಸುಗ್ಗಿಯಲ್ಲಿ ಸಿಂಧನೂರು ಕಡೆಯಿಂದ ಕಾರಟಗಿ, ಗಂಗಾವತಿ ಮಿಲ್‌ಗಳಿಗೆ ಭತ್ತ ಹೊಡೆಯುತ್ತೇನೆ. ಆಮೇಲೆ ಬ್ಯಾಡಗಿಗೆ ಮೆಣಸಿನಕಾಯಿ. ಲೋಡ್ ಇದ್ದಾಗ ಗಾಡಿಯ ಹಿಂಭಾಗ ಓಲಾಡುತ್ತದೆ, ತಿರುವಿನಲ್ಲಿ ಹೆದರಿಕೆಯಾಗುತ್ತದೆ. ಹಿಂದೆ ಎರಡೂ ಕಡೆ ಒಂದೊಂದು ಪ್ಲೇಟ್ (ಸ್ಪ್ರಿಂಗಿನ ಕಮಾನು ಪಟ್ಟಿ) ಜಾಸ್ತಿ ಹಾಕಿಸಿದರೆ ಸರಿಹೋಗುತ್ತಾ?

ಉತ್ತರ: ಸದ್ಯಕ್ಕೆ ಹಾಕಿಸಬೇಡಿ ಅಣ್ಣಾ. ಮೊದಲು ಗಾಡಿಯ ಕೆಳಗೆ ಇಳಿದು ನೋಡಿ.

ಪ್ಲೇಟ್‌ಗಳ ಮುಖ್ಯ ಕೆಲಸ ಭಾರ ಹೊರುವುದು. ಗಾಡಿ ಒಮ್ಮೆ ಕುಣಿದ ಮೇಲೆ ಆ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ನಮ್ಮ ಕಡೆ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಅಂಥ ರಸ್ತೆಯಲ್ಲಿ ಶಾಕ್‌ಗೆ ಬಿಡುವೇ ಇಲ್ಲ. ಅದರ ಮೈಮೇಲೆ ಎಣ್ಣೆ ಸೋರಿದ್ದರೆ ಅದು ಹೋಯಿತು ಎಂದೇ ಲೆಕ್ಕ. ಬದಲಿಸುವಾಗ ಎರಡನ್ನೂ ಜೊತೆಗೇ ಬದಲಿಸಿ.

ಆಮೇಲೆ ಬುಷ್, ಅಂದರೆ ಪ್ಲೇಟ್ ಜೋಡಿಸುವ ಪಿನ್ ಸುತ್ತ ಇರುವ ಬಳೆ. ಪ್ಲೇಟ್‌ನ ಕಣ್ಣಿಗೆ (ತುದಿಯ ಸುರುಳಿಗೆ), ಶಾಕಲ್‌ಗೆ (ಪ್ಲೇಟ್ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿಗೆ) ಸಣ್ಣ ಹಾರೆ ಕೊಟ್ಟು ಮೀಟಿ ನೋಡಿ. ಅಲ್ಲಿ ಆಟವಿದ್ದರೆ ತಿರುವಿನಲ್ಲಿ ಹಿಂದಿನ ಹೌಸಿಂಗೇ (ಹಿಂದಿನ ಚಕ್ರಗಳ ಆಕ್ಸಲ್) ಅತ್ತಿತ್ತ ಸರಿಯುತ್ತದೆ. ಯಾವುದಾದರೂ ಪ್ಲೇಟ್ ಬಿರಿದಿದೆಯಾ, ಪ್ಲೇಟ್‌ಗಳನ್ನು ನಡುವೆ ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್ ಕತ್ತರಿಸಿದೆಯಾ, ಅದನ್ನೂ ನೋಡಿ. ಸೆಂಟರ್ ಬೋಲ್ಟ್ ಹೋದರೆ ಹೌಸಿಂಗ್ ಜಾಗ ಬಿಟ್ಟು, ಗಾಡಿ ಓರೆಯಾಗಿ ಓಡುತ್ತದೆ. ಟೈರ್‌ನಲ್ಲಿ ಗಾಳಿ ಕಡಿಮೆ ಇದ್ದರೂ ಇದೇ ಓಲಾಟ.

ಇಷ್ಟು ಸರಿ ಇದ್ದೂ ಹಿಂಭಾಗ ಜಾಸ್ತಿ ಕೂರುತ್ತಿದ್ದರೆ ಮಾತ್ರ ಪ್ಲೇಟ್ ವಿಷಯಕ್ಕೆ ಬನ್ನಿ. ಇಲ್ಲಿ ದಪ್ಪದ ಲೆಕ್ಕ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅದೇ ಅಳತೆಯ ಪ್ಲೇಟ್ 7 ಎಂಎಂ ಬದಲು 8 ಎಂಎಂ ಆದರೆ, ಅದೊಂದೇ ಪ್ಲೇಟ್ ಸುಮಾರು ಒಂದೂವರೆ ಪಟ್ಟು ಬಿರುಸಾಗುತ್ತದೆ. ಗುಜರಿಯಿಂದ ಯಾವುದೋ ದೊಡ್ಡ ಗಾಡಿಯ ದಪ್ಪ ಪ್ಲೇಟ್ ತಂದು ಸೇರಿಸಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ. ಲೋಡ್ ಇದ್ದಾಗ ಓಲಾಟ ಕಡಿಮೆಯಾಗುತ್ತದೆ, ನಿಜ. ಆದರೆ ಮಿಲ್‌ನಲ್ಲಿ ಚೀಲ ಇಳಿಸಿ ಖಾಲಿ ಬರುವಾಗ ಹಿಂದಿನ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ಟ್ರ್ಯಾಕ್ಟರ್‌ಗಳು ಗದ್ದೆಯ ಕೆಸರು ತಂದು ರಸ್ತೆಗೆ ಮೆತ್ತಿರುತ್ತವಲ್ಲ, ಅಂಥ ಕಡೆ ತಿರುವಿನಲ್ಲಿ ಹಿಂಭಾಗ ಜಾರುವುದು ಹೀಗೆಯೇ.

ಬ್ರೇಕ್ ವಿಷಯ ಇನ್ನೂ ಮುಖ್ಯ. ಕೆಲವು ಪಿಕಪ್‌ಗಳಲ್ಲಿ ಹೌಸಿಂಗ್‌ಗೂ ಚಾಸಿಗೂ ನಡುವೆ ಒಂದು ರಾಡ್, ಅದಕ್ಕೊಂದು ವಾಲ್ವ್ ಇರುತ್ತದೆ. ಹಿಂಭಾಗ ಎಷ್ಟು ಕೂತಿದೆ ಎಂದು ನೋಡಿ ಅದು ಹಿಂದಿನ ಬ್ರೇಕ್‌ಗೆ ಒತ್ತಡ ಬಿಡುತ್ತದೆ. ಪ್ಲೇಟ್ ಸೇರಿಸಿ ಗಾಡಿ ಎತ್ತರವಾದರೆ, ಲೋಡ್ ಇದ್ದರೂ ಖಾಲಿ ಎಂದೇ ವಾಲ್ವ್ ತಿಳಿಯುತ್ತದೆ. ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ. ಹಾಗಾಗಿ ಪ್ಲೇಟ್ ಕೆಲಸವಾದ ಮೇಲೆ ಈ ವಾಲ್ವ್ ಸೆಟ್ಟಿಂಗ್ ಮಾಡಿಸಲೇಬೇಕು.

ನಿಮ್ಮಂತೆ ಹೋಗುವಾಗ ಲೋಡ್, ಬರುವಾಗ ಖಾಲಿ ಇರುವವರಿಗೆ ಹೆಲ್ಪರ್ ಪ್ಲೇಟ್ ಒಳ್ಳೆಯದು. ಖಾಲಿ ಇದ್ದಾಗ ಅದು ಸುಮ್ನೆ ಇರುತ್ತದೆ, ಭಾರ ಬಿದ್ದು ಗಾಡಿ ಕೂತಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಈಗಾಗಲೇ ಇದ್ದರೆ ಅದು ಸವೆದಿದೆಯಾ ನೋಡಿಸಿ. ಹಳೇ ಪ್ಲೇಟ್‌ಗಳ ಕಮಾನು ಏರಿಸುವುದಾದರೆ ಅವಕ್ಕೆ ಬೆಂಕಿ ಕೊಡಲು ಬಿಡಬೇಡಿ. ಸುಮ್ನೆ ಗ್ಯಾಸ್‌ನಲ್ಲಿ ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದವೇ ಹೋಗುತ್ತದೆ. ಬಿರಿದ ಪ್ಲೇಟ್‌ಗೆ ವೆಲ್ಡಿಂಗ್ ಅಂತೂ ಬೇಡವೇ ಬೇಡ.

ಯಾವ ಪ್ಲೇಟ್ ಹಾಕಿಸಿದರೂ ಆರ್‌ಸಿಯಲ್ಲಿರುವ ತೂಕ ಬದಲಾಗುವುದಿಲ್ಲ. 75 ಕೆಜಿಯ ಭತ್ತದ ಚೀಲ 22 ಹಾಕಿದರೆ 1,650 ಕೆಜಿ, ಅಲ್ಲಿಗೆ ನಿಮ್ಮ ಲೆಕ್ಕ ಮುಗಿಯಿತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಜಾಸ್ತಿಯಾದ ಪ್ರತಿ ಟನ್‌ಗೆ ಮತ್ತೆ 2,000.

ಮೆಣಸಿನಕಾಯಿಯದು ಬೇರೆ ಕಥೆ. ಅಲ್ಲಿ ತೊಂದರೆ ತೂಕದ್ದಲ್ಲ, ಎತ್ತರದ್ದು. ಕ್ಯಾಬಿನ್‌ಗಿಂತ ಮೇಲೆ ಪೇರಿಸಿದ ಚೀಲಗಳು ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಎಳೆಯುತ್ತವೆ. ಒಂದೆರಡು ಸಾಲು ಕಡಿಮೆ ಮಾಡಿ, ಹಗ್ಗ ಬಿಗಿಯಾಗಿ ಕಟ್ಟಿ. ಭಾರವನ್ನು ಬಾಲದ ಕಡೆ ಒಟ್ಟಬೇಡಿ, ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ.

ಪ್ಲೇಟ್ ಬಿಚ್ಚಿ ಹಾಕಿಸಿದರೆ ಪ್ಲೇಟ್‌ಗಳನ್ನು ಹೌಸಿಂಗ್‌ಗೆ ಬಿಗಿಯುವ ಯು ಬೋಲ್ಟ್ ಹೊಸದೇ ಹಾಕಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಮೆಕ್ಯಾನಿಕ್ ಹತ್ತಿರ ಹೋಗಿ ಮತ್ತೊಮ್ಮೆ ಬಿಗಿ ಮಾಡಿಸಿ.