ಓದುಗರ ಪ್ರಶ್ನೆ: ‘ವೈಭವ’, ‘ಭವ್ಯ’ ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ನೆನಪಿಸಿಕೊಳ್ಳಿ. ಸುಮಾರು 58 ಅಡಿ ಎತ್ತರದ ಒಂದೇ ಕಲ್ಲು. ಮೈಮೇಲೆ ಬಟ್ಟೆಯಿಲ್ಲ, ಒಡವೆಯಿಲ್ಲ, ಕಿರೀಟವಿಲ್ಲ. ಗೆದ್ದ ರಾಜ್ಯವನ್ನೇ ಬಿಟ್ಟುಕೊಟ್ಟು ನಿಂತವನು. ಅವನನ್ನು ನೋಡಿ ‘ಎಂಥ ವೈಭವ!’ ಅಂದರೆ ಕಿವಿಗೆ ಹೊಂದುವುದಿಲ್ಲ. ‘ಎಂಥ ಭವ್ಯ ಮೂರ್ತಿ!’ ಅಂದರೆ ಸರಿಹೋಗುತ್ತದೆ. ಆದರೆ 12 ವರ್ಷಕ್ಕೊಮ್ಮೆ ಅವನಿಗೆ ಮಹಾಮಸ್ತಕಾಭಿಷೇಕ ನಡೆಯುತ್ತದಲ್ಲ, ಕೊಡಗಟ್ಟಲೆ ಹಾಲು, ಅರಿಸಿನ, ಚಂದನ, ಹೂವಿನ ಮಳೆ, ಅದು ವೈಭವ.

ವೈಭವಕ್ಕೆ ಸಿರಿ ಬೇಕು. ಈ ಪದ ಹುಟ್ಟಿದ್ದು ಸಂಸ್ಕೃತದ ‘ವಿಭವ’ದಿಂದ. ಅಂದರೆ ಸಂಪತ್ತು, ಅಧಿಕಾರ. 60 ಸಂವತ್ಸರಗಳಲ್ಲಿ ಎರಡನೆಯದರ ಹೆಸರೂ ವಿಭವವೇ. ಒಡೆಯ ಅನ್ನುವ ಅರ್ಥದ ‘ವಿಭು’, ಹಣೆಗೆ ಹಚ್ಚುವ ‘ವಿಭೂತಿ’ ಕೂಡ ಇದೇ ಬಳ್ಳಿಯವು. ವಿಭೂತಿಗೆ ಸಿರಿ, ಮಹಿಮೆ ಅನ್ನುವ ಅರ್ಥಗಳೂ ಇವೆ. ಸಿರಿಗೂ ಬೂದಿಗೂ ಒಂದೇ ಹೆಸರು ಅನ್ನುವುದು ನನಗೆ ಈಗಲೂ ಬೆರಗು.

ಸಿರಿ ಬರುತ್ತದೆ, ಹೋಗುತ್ತದೆ. ಹಾಗಾಗಿ ‘ಗತವೈಭವ’ ಅನ್ನುತ್ತೇವೆ, ‘ಗತಭವ್ಯತೆ’ ಅನ್ನುವುದಿಲ್ಲ. ಹಂಪಿಯ ವೈಭವ 1565ರ ಯುದ್ಧದ ನಂತರ ಹೋಯಿತು. ಅಲ್ಲಿನ ಉಗ್ರನರಸಿಂಹ ಮಾತ್ರ ಮುರಿದರೂ ಭವ್ಯವಾಗಿಯೇ ಕೂತಿದ್ದಾನೆ.

ಇನ್ನು ‘ಭವ್ಯ’. ಹಳೆಯ ಜೈನ ಕಾವ್ಯಗಳಲ್ಲಿ ಭವ್ಯ ಅಂದರೆ ಮೋಕ್ಷ ಪಡೆಯಲು ತಕ್ಕ ಜೀವ. ದೊಡ್ಡದು, ಎತ್ತರದ್ದು ಅನ್ನುವ ಮಾತೇ ಅಲ್ಲಿಲ್ಲ. ಎಲ್ಲ ಬಿಟ್ಟು ನಿಂತ ಗೊಮ್ಮಟನಿಗೆ ಈ ಪದ ಇಷ್ಟು ಚೆನ್ನಾಗಿ ಒಪ್ಪುವುದನ್ನು ಕಂಡಾಗಲೆಲ್ಲ ನನಗೆ ಆ ಹಳೆಯ ಅರ್ಥವೇ ನೆನಪಾಗುತ್ತದೆ.

ಬಳಸುವಾಗ ಒಂದಿಷ್ಟು ಎಚ್ಚರ ಬೇಕು. ‘ವೈಭವ’ ನಾಮಪದ. ಆದ್ದರಿಂದ ‘ವೈಭವ ಮೆರವಣಿಗೆ’ ಅಲ್ಲ, ‘ವೈಭವದ ಮೆರವಣಿಗೆ’. ಅದಕ್ಕೆ ಸುಮ್ನೆ ‘ತೆ’ ಸೇರಿಸಿ ‘ವೈಭವತೆ’ ಮಾಡುವುದೂ ಬೇಡ. ‘ಭವ್ಯ’ ಗುಣವನ್ನು ಹೇಳುವ ಪದ, ಅದಕ್ಕೆ ‘ಭವ್ಯತೆ’ ಸರಿ.

ಜಾಸ್ತಿ ಎಡವುವುದು ‘ವೈಭವೀಕರಿಸು’ ಅನ್ನುವಲ್ಲಿ. ಇಲ್ಲದ ಹಿರಿಮೆಯನ್ನು ಕಟ್ಟುವುದು ಅಂತ ಇದರ ಅರ್ಥ. ‘ಹಿಂಸೆಯನ್ನು ವೈಭವೀಕರಿಸಬೇಡಿ’ ಅನ್ನುತ್ತೇವಲ್ಲ, ಹಾಗೆ. ಹೊಗಳಲು ಹೊರಟು ‘ಗುರುಗಳ ಸೇವೆಯನ್ನು ವೈಭವೀಕರಿಸಿ ಮಾತನಾಡಿದರು’ ಎಂದು ಬರೆದರೆ, ಆ ಸೇವೆ ಅಷ್ಟೇನೂ ಇರಲಿಲ್ಲ ಎಂದಂತಾಗುತ್ತದೆ. ಅಲ್ಲಿ ‘ಕೊಂಡಾಡಿದರು’ ಎಂದು ಬರೆಯಿರಿ.