ಕಂದು ಬಾತಿನ ಗುರುತು ಕೊಕ್ಕಿನಲ್ಲಿ

ಬಾಲವನ್ನಷ್ಟೇ ಮೇಲೆತ್ತಿ, ತಲೆಯನ್ನು ನೀರಿಗೆ ತೂರಿಸಿ ಮೇಯುವ ಬಾತುಗಳು ಪೂರ್ತಿ ಮುಳುಗುವುದು ಅಪರೂಪ. ಬೆದರಿದರೆ ನೀರಿನ ಮೇಲೆ ಓಡದೆ, ಇದ್ದಲ್ಲಿಂದಲೇ ಚಿಮ್ಮಿ ಹಾರುತ್ತವೆ. ಗುಂಪು ಹೀಗೆ ಸುಲಭವಾಗಿ ತಿಳಿಯುತ್ತದೆ. ತೊಡಕಿರುವುದು ಜಾತಿ ಹೇಳುವಲ್ಲಿ, ಏಕೆಂದರೆ ಹೆಚ್ಚಿನ ಹೆಣ್ಣುಗಳದ್ದು ಒಂದೇ ಬಗೆಯ ಮಚ್ಚೆಗಂದು ಮೈ.

ಗಂಡಿನ ಬಣ್ಣವನ್ನು ನೆಚ್ಚಿ ಕೂರುವಂತಿಲ್ಲ. ಸಂತಾನದ ಕಾಲ ಮುಗಿದಾಗ ಅದು ಮಿರುಗುವ ಗರಿಗಳನ್ನು ಉದುರಿಸಿ ಹೆಣ್ಣಿನಂತೆ ಕಂದಾಗುತ್ತದೆ. ಹಾರುಗರಿಗಳೂ ಒಟ್ಟಿಗೇ ಬಿದ್ದು, 3–4 ವಾರ ಹಾರಲಾಗದ ಆ ಹೊತ್ತಿನಲ್ಲಿ ಮಾಸಲು ಬಣ್ಣವೇ ಅದಕ್ಕೆ ಮರೆ. ಅದಕ್ಕೇ ಮೊದಲು ಕೊಕ್ಕು ನೋಡಿ.

ಮ್ಯಾಲಾರ್ಡ್ ಹೆಣ್ಣಿನ ಕಿತ್ತಳೆ ಕೊಕ್ಕಿನ ನಡುವೆ ಕಪ್ಪು ಕಲೆ ಹರಡಿರುತ್ತದೆ, ಅಂಚು ಒರಟೊರಟು. ಗಂಡಿನ ಕೊಕ್ಕು ಮೈಗರಿ ಕಂದಾದಾಗಲೂ ಕಲೆಯಿಲ್ಲದ ಹಳದಿ-ಹಸಿರು. ಗ್ಯಾಡ್ವಾಲ್ ಹೆಣ್ಣನ್ನು ಮ್ಯಾಲಾರ್ಡ್ ಎಂದುಕೊಳ್ಳುವುದು ತೀರಾ ಸಾಮಾನ್ಯ ತಪ್ಪು. ಅದರ ಕೊಕ್ಕು ಇನ್ನೂ ತೆಳು. ಕಪ್ಪು ಬಣ್ಣ ಮೇಲ್ಭಾಗದಲ್ಲಿ ಉದ್ದಕ್ಕೆ ಓಡಿ, ಕಿತ್ತಳೆ ಎರಡು ಬದಿಗಳಲ್ಲಿ ನೇರ ಪಟ್ಟಿಯಾಗಿ ಉಳಿಯುತ್ತದೆ. ಸೂಜಿಬಾಲದ ಬಾತಿನ ಹೆಣ್ಣಿನ ಕೊಕ್ಕಿನಲ್ಲಿ ಕಿತ್ತಳೆಯೇ ಇಲ್ಲ, ಬರೀ ಬೂದು, ಕತ್ತು ಉದ್ದ. ವಿಜನ್‌ನ ಕೊಕ್ಕು ಮೋಟು, ನೀಲಿ-ಬೂದು, ತುದಿ ಕಪ್ಪು. ದಡದ ಹುಲ್ಲು ಕತ್ತರಿಸಲು ಹೇಳಿಮಾಡಿಸಿದಂಥದ್ದು. ಕಪ್ಪು ಕೊಕ್ಕಿಗೆ ಹಳದಿ ತುದಿಯಿದ್ದರೆ ಚುಕ್ಕೆಕೊಕ್ಕಿನ ಬಾತು. ಬುಡದ ಎರಡು ಕೆಂಪು ಚುಕ್ಕೆಗಳು ದೂರದಿಂದ ಕಾಣದೆ ಹೋದರೂ ಆ ಹಳದಿ ಮರೆಯಾಗದು.

ಸಲಿಕೆಕೊಕ್ಕಿನ ಬಾತಿನದ್ದು ಬೇರೆಯೇ ವಿನ್ಯಾಸ. ತಲೆಗಿಂತ ಉದ್ದವಾದ ಕೊಕ್ಕು ತುದಿಯತ್ತ ಅಗಲವಾಗುತ್ತದೆ. ಒಳ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಸೂಕ್ಷ್ಮ ಸಾಲು. ನೀರನ್ನು ಸೋಸಿ ಹೊರಬಿಟ್ಟು ಸಣ್ಣ ಜೀವಿಗಳನ್ನು ಉಳಿಸಿಕೊಳ್ಳುವ ಜಾಲರಿ ಅದು. ಬಣ್ಣ ಕಾಣದ ಮುಸ್ಸಂಜೆಯಲ್ಲೂ ಈ ಆಕಾರ ಸಾಕು.

ಎರಡು ಪುಟ್ಟ ಬಾತುಗಳಲ್ಲಿ ಮಾತ್ರ ಕೊಕ್ಕಿನ ಜೊತೆ ಮುಖವನ್ನೂ ಓದಬೇಕು. ಗಾರ್ಗನಿ ಹೆಣ್ಣಿನ ಕೆನ್ನೆಯಲ್ಲಿ ಕಪ್ಪು-ತಿಳಿ ಪಟ್ಟೆಗಳು, ಬೂದು ಕೊಕ್ಕಿನ ಬುಡದಲ್ಲಿ ಬಿಳಿಚಿದ ಚುಕ್ಕೆ. ಟೀಲ್‌ನ ಮುಖ ಸಪ್ಪೆ, ಆದರೆ ಬಾಲದ ಬುಡದ ಪಕ್ಕ ತಿಳಿ ಗೆರೆಯೊಂದಿರುತ್ತದೆ.

ಸಂಶಯ ಉಳಿದರೆ ರೆಕ್ಕೆ ಬಿಚ್ಚುವವರೆಗೆ ಕಾಯಿರಿ. ರೆಕ್ಕೆಯ ಹಿಂಬದಿಯ ಹೊಳಪು ಪಟ್ಟಿ ಮ್ಯಾಲಾರ್ಡ್‌ನಲ್ಲಿ ನೀಲಿ, ಎರಡೂ ಕಡೆ ಬಿಳಿ ಅಂಚು, ಟೀಲ್‌ನಲ್ಲಿ ಹಸಿರು, ಗ್ಯಾಡ್ವಾಲ್‌ನಲ್ಲಿ ಬಿಳಿ. ಈಜುವಾಗ ಪಕ್ಕೆಯ ಗರಿಗಳು ಇದನ್ನು ಮುಚ್ಚುವುದರಿಂದ, ಕಾಣಲಿಲ್ಲವೆಂದು ಇಲ್ಲವೇ ಇಲ್ಲ ಎನ್ನಬಾರದು. ನೀಲಿ, ಹಸಿರು ಹೊಳಪು ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರಿ ಹುಟ್ಟುವಂಥದ್ದು. ಕೋನ ಬದಲಾದರೆ ಮ್ಯಾಲಾರ್ಡ್ ಗಂಡಿನ ಹಸಿರು ತಲೆ ನೇರಳೆಯಾಗುತ್ತದೆ, ನೆರಳಿನಲ್ಲಿ ಪಟ್ಟಿ ಕಪ್ಪಾಗುತ್ತದೆ. ಸೂರ್ಯನನ್ನು ಬೆನ್ನಿಗಿಟ್ಟು, ಹಕ್ಕಿ ಪಕ್ಕಕ್ಕೆ ತಿರುಗಿದಾಗ ನೋಡಿ. ಕೆಸರಿನಲ್ಲಿ ಮೇದು ಬಂದ ಕೊಕ್ಕಾದರೆ, ಅದು ತೊಳೆದುಕೊಳ್ಳುವವರೆಗೂ ತೀರ್ಮಾನ ಬೇಡ.