ತಗಡನ್ನು ಕೊಳವೆಯಾಗಿ ಸುತ್ತುವುದು: ಅಳತೆ ಮತ್ತು ಅಂಚು

ಉದಾಹರಣೆಗೆ 1 ಮಿ.ಮೀ. ದಪ್ಪದ ಕಪ್ಪು ಕಬ್ಬಿಣದ ತಗಡು, ಒಳವ್ಯಾಸ 150, ಎತ್ತರ 300 (ಅಳತೆಯೆಲ್ಲ ಮಿ.ಮೀ.), ಅಂಚಿಗೆ ಅಂಚು ಕೂಡಿಸಿ ವೆಲ್ಡಿಂಗ್. ಉಪಕರಣ ಕೈಯಿಂದ ತಿರುಗಿಸುವ ಮೂರು ರೋಲರಿನ ಯಂತ್ರ: ಮುಂದೆ ಒಂದರ ಮೇಲೊಂದು ಎರಡು, ಹಿಂದೆ ಒಂದು.

ಉದ್ದ ಎಷ್ಟು? ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ದಪ್ಪದ ನಡುಭಾಗ ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ಒಳವ್ಯಾಸಕ್ಕೆ ಒಂದು ದಪ್ಪ ಸೇರಿಸಿ π ಇಂದ ಗುಣಿಸಿ: 151 × 3.1416 = 474.4. ಹೊರವ್ಯಾಸ ಹಿಡಿದು ಲೆಕ್ಕ ಹಾಕಿದರೆ 477.5 ಬರುತ್ತದೆ, ಆ 3 ಮಿ.ಮೀ. ಕೊನೆಗೆ ಒಂದರ ಮೇಲೊಂದು ಏರಿ ಕೂರುತ್ತದೆ. ಕತ್ತರಿಸಿದ ಮೇಲೆ ಕರ್ಣ ಅಳೆಯಿರಿ, ಎರಡೂ 561.3 ಇರಬೇಕು. ಮೂಲೆ ಸರಿಯಿಲ್ಲದಿದ್ದರೆ ಅಥವಾ ತಗಡು ಓರೆಯಾಗಿ ಒಳಹೋದರೆ ಕೊಳವೆ ಸುರುಳಿಯಂತೆ ತಿರುಚಿ, ಅಂಚುಗಳು ಮೇಲೆ ಕೆಳಗೆ ಆಗುತ್ತವೆ. ಅಂಚಿಗೆ ಅರ ಹಾಕುವುದನ್ನು ಮರೆಯಬೇಡಿ, ಚೂಪು ಉಳಿದರೆ ರೋಲರಿಗೆ ಗೀರು.

ನಿಜವಾದ ಕೆಲಸ ಇರುವುದು ತುದಿಗಳಲ್ಲಿ. ಬಾಗು ಬೀಳುವುದು ಮುಂದಿನ ಎರಡು ರೋಲರುಗಳು ತಗಡನ್ನು ಕಚ್ಚುವ ಜಾಗದಲ್ಲಿ. ಮೊದಲು ಒಳಹೋದ ತುದಿ ಹಿಂದಿನ ರೋಲರನ್ನು ಮುಟ್ಟುವ ಹೊತ್ತಿಗೆ ಆ ಜಾಗವನ್ನು ದಾಟಿರುತ್ತದೆ, ಹಾಗಾಗಿ ಅಷ್ಟು ಅಗಲದ ಪಟ್ಟಿ ಚಪ್ಪಟೆಯಾಗಿಯೇ ಉಳಿಯುತ್ತದೆ. ಇದನ್ನು ಬಿಟ್ಟರೆ ಕೊಳವೆ ಹನಿಯ ಆಕಾರಕ್ಕೆ ಬರುತ್ತದೆ, ಬೆಸೆದ ಮೇಲೆ ತಿದ್ದುವುದು ಬಹಳ ಕಷ್ಟ. ಪರಿಹಾರ: 4 ಇಂಚಿನ ಕಬ್ಬಿಣದ ಪೈಪನ್ನು (ಹೊರವ್ಯಾಸ 114) ವೈಸಿಗೆ ಕಚ್ಚಿಸಿ, ಎರಡೂ ತುದಿಯ 40 ಮಿ.ಮೀ. ಭಾಗವನ್ನು ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಬಗ್ಗಿಸಿ. 150ಕ್ಕೆ 114ರ ಪೈಪು ಯಾಕೆಂದರೆ, ಕೈಬಿಟ್ಟ ತಕ್ಷಣ ತಗಡು ಒಂದಷ್ಟು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. 75 ತ್ರಿಜ್ಯದ ರಟ್ಟಿನ ಚಂದ್ರಾಕೃತಿ ಕತ್ತರಿಸಿಟ್ಟುಕೊಂಡು ಒಳಮೈಗೆ ಹಿಡಿದು ನೋಡುತ್ತಿರಿ. ರಟ್ಟಿನ ನಡುವೆ ಬೆಳಕು ಕಂಡರೆ ಬಾಗು ಹೆಚ್ಚಾಗಿದೆ, ಎರಡು ತುದಿಯಲ್ಲಿ ಕಂಡರೆ ಸಾಲದು.

ಮುಂದಿನ ರೋಲರುಗಳ ಎರಡೂ ಕೊನೆಗೆ ಒಂದೊಂದು ಕಾಗದದ ಪಟ್ಟಿ ಕಚ್ಚಿಸಿ ಎಳೆಯಿರಿ. ಬಿಗಿ ಸಮ ಇರಬೇಕು. ತೀರಾ ಬಿಗಿಯಾದರೆ ತಗಡು ನಲುಗುತ್ತದೆ, ಸಡಿಲವಾದರೆ ಜಾರುತ್ತದೆ. ಹಿಂದಿನ ರೋಲರಿನ ಎರಡೂ ಸ್ಕ್ರೂಗಳನ್ನು ಒಂದೇ ಲೆಕ್ಕದಲ್ಲಿ, ಪ್ರತಿ ಸುತ್ತಿಗೆ ಕಾಲು ತಿರುವು ಏರಿಸಿ. ಒಂದು ಕಡೆ ತಗ್ಗಿದ್ದರೆ ಆ ಕಡೆಯ ಬಾಯಿ ದೊಡ್ಡದಾಗಿ, ಸಿಲಿಂಡರ್ ಹೋಗಿ ಶಂಕು ಆಗುತ್ತದೆ. ಆತುರ ಬೇಡ: ಕಡಿಮೆ ಬಾಗಿದ್ದರೆ ಇನ್ನೊಂದು ಸುತ್ತು ಸಾಕು, ಹೆಚ್ಚು ಬಾಗಿದರೆ ಕೈಯಿಂದ ಬಿಡಿಸಬೇಕು, ಆಗ ಉಬ್ಬುತಗ್ಗು ಬೀಳುತ್ತದೆ. ಕೈಗವಸು ಹಾಕಿದ ಬೆರಳನ್ನು ರೋಲರಿನ ಬಾಯಿಯ ಹತ್ತಿರ ಒಯ್ಯಬೇಡಿ, ಬಟ್ಟೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಕೊಳವೆ ಮುಚ್ಚಿಕೊಂಡ ಮೇಲೆ ಮೇಲಿನ ರೋಲರಿನ ಒಂದು ಕೊನೆ ಬಿಚ್ಚಿ ಹೊರಗೆ ಜಾರಿಸಿ. ನಡುವಿನಿಂದ ತುದಿಯತ್ತ ಟ್ಯಾಕ್ (ಅಲ್ಲಲ್ಲಿ ಚಿಕ್ಕ ಬೆಸುಗೆ) ಹಾಕಿ, ಬೆಸೆದು, ಒಳಗೂ ಹೊರಗೂ ಉಜ್ಜಿ ಸಮ ಮಾಡಿ, ಇನ್ನೊಮ್ಮೆ ರೋಲರಿಗೆ ಹಾಕಿದರೆ ದುಂಡಗೆ ಕೂರುತ್ತದೆ. ಅಂಚಿನ ಮೇಲೆ ಅಂಚು ಬಂದ ರಿವೆಟ್ ಜೋಡಣೆಯನ್ನು ಮಾತ್ರ ಹೀಗೆ ಮರಳಿ ಹಾಕಬಾರದು. ಜಿ.ಐ. (ಸತು ಲೇಪಿಸಿದ) ತಗಡಾದರೆ ವೆಲ್ಡಿಂಗ್ ಬದಲು ರಿವೆಟ್ಟೇ ಮೇಲು. ಸುಟ್ಟ ಸತುವಿನ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.